ಬೋರ್ಡಿಲ್ಲದ ಕೋಣೆ

ಬೇಸಿಗೆಯಲ್ಲಿ ಬಳ್ಳಾರಿಗೆ ಸಂಜೆ ತಡವಾಗಿ ಬರುತ್ತದೆ. ಹೊತ್ತು ಮುಳುಗಿದರೂ ಗುಡ್ಡದ ಬಂಡೆಗಳ ಕಾವು ಇಳಿಯುವುದಿಲ್ಲ. ಹಗಲೆಲ್ಲ ಒಳಗೇ ಇದ್ದ ಜನ ಒಮ್ಮೆಲೇ ಬೀದಿಗೆ ಬೀಳುತ್ತಾರೆ. ರಾಯಲ್ ಸರ್ಕಲ್ಲಿನ ಗದ್ದಲ ಹಿಂದೆ ಬಿಟ್ಟು ಕಂಟೋನ್ಮೆಂಟ್ ಕಡೆ ಹೊರಳಿದರೆ ರಸ್ತೆ ಅಗಲವಾಗುತ್ತದೆ, ಮರಗಳು ದೊಡ್ಡವಾಗುತ್ತವೆ. ಹಳೆಯ ಬಂಗಲೆಗಳ ಉದ್ದುದ್ದ ಕಾಂಪೌಂಡು, ಚರ್ಚು, ಮಿಷನ್ ಕಾಲದ ಶಾಲೆ, ಸಣ್ಣದೊಂದು ರೈಲು ನಿಲ್ದಾಣ. ವಿಮ್ಸ್ ಎಂದೇ ಎಲ್ಲರ ಬಾಯಲ್ಲಿ ಉಳಿದಿರುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇಲ್ಲೇ. ಅದರ ಗೇಟಿನೆದುರು ಎಳನೀರಿನ ಗಾಡಿ, ಔಷಧಿ ಅಂಗಡಿಗಳ ಸಾಲು, ರೋಗಿಗಳ ಕಡೆಯವರು ಹಾಸಿಕೊಂಡ ಚಾಪೆ. ಒಗ್ಗರಣೆ-ಮಿರ್ಚಿ ಬಂಡಿಯ ಬಾಣಲೆಯಿಂದ ಎದ್ದ ಘಾಟು ರಸ್ತೆಯ ಆಚೆಗೂ ಬಡಿಯುತ್ತದೆ.

ದೀಪ ಹತ್ತುವ ಹೊತ್ತಿಗೆ ಬಾರುಗಳ ಬೋರ್ಡೂ ಬೆಳಗುತ್ತವೆ. ಆ ಬೋರ್ಡನ್ನು ಯಾರೂ ಓದಬೇಕಿಲ್ಲ. ಊರಿಗೆ ಹೊಸಬ ಬಂದು ವೈನ್ ಶಾಪು ಎಲ್ಲಿ ಎಂದು ಕೇಳಿದರೆ ಗೋಲಿ ಆಡುವ ಹುಡುಗನೂ ಕೈ ತೋರಿಸುತ್ತಾನೆ. ಕುಡಿತ ಬಿಡಬೇಕು, ಅದಕ್ಕೊಂದು ಮೀಟಿಂಗ್ ನಡೆಯುತ್ತದಂತೆ, ಎಲ್ಲಿ ಎಂದು ಕೇಳಿ ನೋಡಿ. ಟೀ ಅಂಗಡಿಯವನು ಒಮ್ಮೆ ನಿಮ್ಮ ಮುಖ ನೋಡುತ್ತಾನೆ, ಆಮೇಲೆ ನಿಮ್ಮ ಕೈ ನೋಡುತ್ತಾನೆ. ಆಟೋದವನು ‘ಡಾಕ್ಟರ್ ಹತ್ರ ಹೋಗಬೇಕಾ?’ ಅನ್ನುತ್ತಾನೆ. ವಾಚ್‌ಮನ್ ಚರ್ಚಿನ ಕಡೆ ತೋರಿಸಿ, ಚರ್ಚಿನವರು ಶಾಲೆಯ ಕಡೆ ತೋರಿಸಿ, ಕೊನೆಗೆ ಹಿತ್ತಲ ಬಾಗಿಲಿನಿಂದ ಬೆಳಕು ಬೀಳುವ ಕೋಣೆಯೊಂದು ಸಿಕ್ಕೀತು.

ಅಂಥ ಕೋಣೆಯ ಬಾಗಿಲಲ್ಲಿ ಆ ಸಂಜೆ ಒಬ್ಬ ನಿಂತಿದ್ದ. ಸಿರುಗುಪ್ಪದ ಬಸ್ಸಿಳಿದು ಬಂದವನು. ಭತ್ತದ ಸೀಮೆಯ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲು. ಅಂಗೈಯ ಬೆವರಿಗೆ ಒದ್ದೆಯಾದ ಚೀಟಿಯೊಂದು ಕೈಯಲ್ಲಿತ್ತು. ಒಳಗೆ ಹೋಗಲಿಲ್ಲ, ವಾಪಸ್ಸೂ ಹೋಗಲಿಲ್ಲ. ಒಳಗಿನಿಂದ ವಯಸ್ಸಾದವರೊಬ್ಬರು ಎದ್ದು ಬಂದು, ‘ಬರ‍್ರಿ, ಟೀ ಆರೋಕ್ಕೆ ಮುಂಚೆ ಕುಡೀರಿ’ ಎಂದರು. ಯಾರು, ಯಾವೂರು, ಎಷ್ಟು ಕುಡಿಯುತ್ತೀ ಎಂದು ಕೇಳಲಿಲ್ಲ.

ಅಂದು ಬಂದವರು ಯಾರೆಂದು ಗೊತ್ತಾಗಬಾರದೆಂದು, ಯಾವ ಶಾಲೆ, ಯಾವ ವಾರ, ಎಷ್ಟು ಜನ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕೂರುವ ಮೊದಲೇ ಹಾಗೆಂದು ಮಾತು ಕೊಟ್ಟಿದ್ದೆ. ಮಾತಾಡಿದವರ ಊರು, ಕಸುಬುಗಳನ್ನೂ ಗುರುತು ಸಿಗದಂತೆ ಅದಲುಬದಲು ಮಾಡಿದ್ದೇನೆ. ಅದು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟದ ಸಭೆ, ಬಂದವರ ಬಾಯಲ್ಲಿ ‘ಎಎ ಮೀಟಿಂಗ್’. ಅವರಲ್ಲಿ ಎರಡು ಬಗೆ. ಕ್ಲೋಸ್ಡ್ ಮೀಟಿಂಗಿಗೆ ಕುಡಿತ ಬಿಡಬೇಕೆನ್ನುವವರಷ್ಟೇ ಹೋಗಬಹುದು. ಓಪನ್ ಮೀಟಿಂಗಿನಲ್ಲಿ ಮನೆಯವರು, ಡಾಕ್ಟರು, ನನ್ನಂಥ ಹೊರಗಿನವರೂ ಕೂರಬಹುದು.

ಮೂರನೇ ಕ್ಲಾಸಿನ ಕೋಣೆ ಇರಬೇಕು. ಗೋಡೆಯ ಮೇಲೆ ಮಗ್ಗಿ, ಹಣ್ಣುಗಳ ಚಿತ್ರಪಟ, ಕರಿಹಲಗೆಯಲ್ಲಿ ಅಳಿಸದೆ ಉಳಿದ ಕೂಡುವ ಲೆಕ್ಕ. ಮಕ್ಕಳ ಬೆಂಚಿನಲ್ಲಿ ಮೊಳಕಾಲು ಮಡಿಸಲಾಗದೆ ದೊಡ್ಡವರು ಓರೆಯಾಗಿ ಕೂತಿದ್ದರು. ಮೇಜಿನ ಮೇಲೆ ಸ್ಟೀಲಿನ ಫ್ಲಾಸ್ಕು, ಗ್ಲೂಕೋಸ್ ಬಿಸ್ಕತ್ತು, ಬೈಂಡು ಸಡಿಲವಾದ ಎರಡು ಪುಸ್ತಕ. ಸಭೆ ನಡೆಸುವವರು ಎದ್ದು ಹೆಸರು ಹೇಳಿ ‘ನಾನು ಆಲ್ಕೊಹಾಲಿಕ್’ ಎಂದರು. ಉಳಿದವರು ಅದೇ ಹೆಸರು ಹಿಡಿದು ನಮಸ್ಕಾರ ಹೇಳಿದರು. ಒಂದು ಚಿಕ್ಕ ಪ್ರಾರ್ಥನೆ, ಅದಾದ ಮೇಲೆ ಕುಡಿತ ಬಿಡಲು ಕೂಟ ಹಾಕಿಕೊಂಡ ಹನ್ನೆರಡು ಮೆಟ್ಟಿಲುಗಳ ಓದು. ಅಪ್ಪನ ಹೆಸರಿಲ್ಲ, ಮನೆತನವಿಲ್ಲ, ಹುದ್ದೆಯಿಲ್ಲ. ಹೆಸರು ಕೇಳಿದ ಕೂಡಲೇ ‘ಯಾರ ಪೈಕಿ?’ ಎನ್ನುವ ನಮ್ಮ ಸೀಮೆಯಲ್ಲಿ ಇದನ್ನು ಕಂಡು ನನಗೆ ಸೋಜಿಗವಾಯಿತು.

ಮೊದಲು ಎದ್ದವನು ಲಾರಿ ಡ್ರೈವರ್. ‘ಅದಿರು ಹೊಡೀತಿದ್ದೆ. ಇಲ್ಲಿಂದ ಬೇಲೆಕೇರಿ ಬಂದರಿಗೆ. ಟ್ರಿಪ್ಪಿಗೆ ಸಿಗೋ ರೊಕ್ಕ ನೋಡಿ ನಮ್ಮಪ್ಪ ಹೊಲಕ್ಕೆ ಹೋಗೋದೇ ಬಿಟ್ಟ. ದಾರಿ ತುಂಬ ಡಾಬಾ, ಡಾಬಾ ತುಂಬ ಎಣ್ಣೆ. 2011ರಾಗೆ ಸುಪ್ರೀಂ ಕೋರ್ಟು ಗಣಿ ನಿಲ್ಲಿಸ್ತು. ಲಾರಿ ನಿಂತ್ವು, ರೊಕ್ಕ ನಿಂತ್ವು. ನಾನೊಬ್ಬ ನಿಲ್ಲಲಿಲ್ಲ ನೋಡ್ರಿ.’ ಕೋಣೆಯೆಲ್ಲ ನಕ್ಕಿತು. ಈ ನಗುವಿಗೆ ನಾನು ಸಿದ್ಧನಾಗಿರಲಿಲ್ಲ. ಅಳು, ಉಪದೇಶ, ಪಶ್ಚಾತ್ತಾಪಗಳನ್ನು ಎದುರು ನೋಡುತ್ತ ಹೋದವನಿಗೆ ಇಲ್ಲಿ ಸಿಗುವುದು, ತನ್ನದೇ ಕಥೆಯನ್ನು ಇನ್ನೊಬ್ಬನ ಬಾಯಲ್ಲಿ ಕೇಳಿದವರ ನಗು.

ಅಕ್ಕಿ ಗಿರಣಿಯ ಹಮಾಲಿಯೊಬ್ಬ ಬೆಳಗಿನ ಜಾವದ ಕೈನಡುಕ ಹೇಳಿದ. ಟೆಟ್ರಾ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದಾಗ ಅರ್ಧ ಅಂಗಿಯ ಮೇಲೆ ಚೆಲ್ಲುತ್ತಿತ್ತಂತೆ. ನಿವೃತ್ತ ಮೇಷ್ಟ್ರೊಬ್ಬರು ಕಿಸೆಯಲ್ಲಿ ಸದಾ ಏಲಕ್ಕಿ ಇಟ್ಟುಕೊಳ್ಳುತ್ತಿದ್ದುದನ್ನು ಹೇಳಿದರು. ‘ಹುಡುಗರಿಗೆ ಗೊತ್ತಾಗೋದಿಲ್ಲ ಅಂದ್ಕೊಂಡಿದ್ದೆ. ನನಗೆ ಅವರು ಇಟ್ಟ ಹೆಸರೇ ಏಲಕ್ಕಿ ಮೇಷ್ಟ್ರು ಅಂತ.’ ಆಂಧ್ರದ ಗಡಿಯ ಕಡೆಯವನೊಬ್ಬ ಕನ್ನಡದಲ್ಲಿ ಸುರು ಮಾಡಿ, ದುಃಖ ಬಂದಲ್ಲಿ ತೆಲುಗಿಗೆ ಹೊರಳಿದ. ಕೊನೆಗೆ ‘ಈ ರೋಜು ತಾಗಲೇದು’ ಎಂದು ಕೂತ. ಇವತ್ತು ಕುಡಿದಿಲ್ಲ. ಎಲ್ಲರಿಗೂ ಅರ್ಥವಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರು ಮಾತಾಡುವಾಗ ಮತ್ತೊಬ್ಬರು ನಡುವೆ ಬಾಯಿ ಹಾಕುವುದಿಲ್ಲ. ಮುಗಿದ ಮೇಲೂ ನೀನು ಹೀಗೆ ಮಾಡಬೇಕಿತ್ತು ಎನ್ನುವುದಿಲ್ಲ. ತಮಗೆ ಏನಾಯಿತು ಎಂದಷ್ಟೇ ಹೇಳುತ್ತಾರೆ.

ಕಂಟೋನ್ಮೆಂಟಿಗೂ ಹೆಂಡಕ್ಕೂ ಹಳೆಯ ನಂಟು. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಂದ ಕಂಪನಿಯ ಕೈಗೆ ಬಂತು, ದಂಡು ಇಲ್ಲಿ ಬೀಡುಬಿಟ್ಟಿತು. ದೇಶದ ಯಾವ ದಂಡುಪ್ರದೇಶಕ್ಕೆ ಹೋದರೂ ಗೋರಾ ಸಿಪಾಯಿಗಳ ಕುಡಿತ ಅಧಿಕಾರಿಗಳಿಗೆ ದೊಡ್ಡ ತಲೆನೋವಾಗಿತ್ತು. 1862ರಲ್ಲಿ ಆಗ್ರಾದಲ್ಲಿ ಗ್ರೆಗ್ಸನ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ಸಿಪಾಯಿಗಳಿಗಾಗಿಯೇ ಪಾನತ್ಯಾಗದ ಸಂಘ ಕಟ್ಟಿದರು. ಅಲ್ಲಿ ಸೇರಬೇಕಾದರೆ ಪ್ರಮಾಣ ಮಾಡಬೇಕಿತ್ತು.

ಮುಂದೆ ಮದ್ರಾಸ್ ಪ್ರಾಂತ್ಯದಲ್ಲಿ ಪಾನನಿಷೇಧ ಬಂತು. 1937ರಲ್ಲಿ ರಾಜಾಜಿಯವರು ಸೇಲಂನಲ್ಲಿ ಶುರು ಮಾಡಿದ್ದು 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. ಆಗ ಬಳ್ಳಾರಿಯೂ ಮದ್ರಾಸಿನದೇ. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1960ರ ದಶಕದಲ್ಲಿ ನಿಷೇಧ ಸಡಿಲವಾಗಿ ಅಂಗಡಿಗಳು ತೆರೆದವು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಾರಾಯಿ ಪ್ಯಾಕೆಟ್ಟು ಹಿಡಿಯುತ್ತಿದ್ದ ಕೈಗೆ ಟೆಟ್ರಾ ಪ್ಯಾಕೆಟ್ಟು ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು, ಹೆಚ್ಚಾಗಿ ನಮ್ಮ ಹೈದರಾಬಾದ್ ಕರ್ನಾಟಕದ ಬಡವರು, ಮದ್ಯ ನಿಷೇಧ ಮಾಡಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಅಂಗಡಿಗಳು ಮುಚ್ಚಲಿಲ್ಲ. ಕೋವಿಡ್ ಬಂದಾಗ ಒಮ್ಮೆ ಎಲ್ಲ ಮುಚ್ಚಿದವು. 2020ರ ಮೇ 4ರಂದು ಮತ್ತೆ ತೆರೆದಾಗ ಉರಿಬಿಸಿಲಲ್ಲಿ ನಿಂತ ಸಾಲುಗಳನ್ನು ನಾಡೆಲ್ಲ ನೋಡಿತು. ‘ಆ ಸಾಲಿನಾಗೆ ನಾನೂ ಇದ್ದೆ. ಚಪ್ಪಲಿ ಬಿಟ್ಟು ಜಾಗ ಹಿಡಿದಿದ್ದೆ’ ಎಂದ, ಕೋಣೆಯಲ್ಲಿದ್ದ ಜೀನ್ಸ್ ಹೊಲಿಯುವ ಹುಡುಗ.

ಎಎ ಕೂಟ ಹುಟ್ಟಿದ ಕಥೆಯೂ ಹುಡುಕಾಟದ್ದೇ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಎಂಬ ಊರು. ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ನೆಚ್ಚಿದ ವ್ಯವಹಾರ ಮುರಿದುಬಿದ್ದು ಹೋಟೆಲಿನ ಹಜಾರದಲ್ಲಿ ಒಬ್ಬನೇ ಅಡ್ಡಾಡುತ್ತಿದ್ದ. ಒಂದು ಕಡೆ ಬಾರಿನ ಗದ್ದಲ, ಇನ್ನೊಂದು ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಕುಡಿಯದೆ ಉಳಿಯಬೇಕಾದರೆ ಇನ್ನೊಬ್ಬ ಕುಡುಕನ ಜೊತೆ ಮಾತಾಡಲೇಬೇಕು ಎಂದು ಅವನಿಗೆ ಆ ಹೊತ್ತಿನಲ್ಲಿ ಹೊಳೆಯಿತು. ಪಟ್ಟಿ ಹಿಡಿದು ಫೋನು ಮಾಡುತ್ತ ಮಾಡುತ್ತ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಶಸ್ತ್ರವೈದ್ಯರು, ಕೈ ನಡುಗುವಷ್ಟು ಕುಡಿಯುತ್ತಿದ್ದವರು. ಕಾಲು ಗಂಟೆಗಿಂತ ಹೆಚ್ಚು ಕೂರುವುದಿಲ್ಲ ಎಂದು ಬಂದವರು ರಾತ್ರಿಯವರೆಗೂ ಮಾತಾಡುತ್ತ ಉಳಿದರು. ಅದೇ ವರ್ಷ ಜೂನ್ 10ರಂದು ಡಾಕ್ಟರರು ಕುಡಿದದ್ದೇ ಕೊನೆ. ಆ ದಿನವನ್ನೇ ಕೂಟ ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ. 1957ರಲ್ಲಿ ಅದು ಮುಂಬಯಿಗೆ ಬಂತು. ಈಗಲೂ ನಡೆಯುವುದು ಅದೇ ಬಗೆಯ ಮಾತು. ಫೀಸಿಲ್ಲ, ಮೆಂಬರ್‌ಶಿಪ್ ಕಾರ್ಡಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಸಭೆಯ ನಡುವೆ ಸುತ್ತಿ ಬಂದ ಪ್ಲಾಸ್ಟಿಕ್ ಡಬ್ಬಿಗೆ ಹತ್ತು, ಇಪ್ಪತ್ತರ ನೋಟು ಬಿದ್ದವು. ಕೋಣೆಯ ಬಾಡಿಗೆ, ಟೀ ಖರ್ಚು ಅದರಲ್ಲೇ. ಸಿರುಗುಪ್ಪದವನು ಕಿಸೆಗೆ ಕೈ ಹಾಕಿದಾಗ ಪಕ್ಕದವರು ತಡೆದರು: ‘ಹೊಸಬರು ಹಾಕೋದು ಬ್ಯಾಡ.’

ನಮ್ಮ ಕಡೆ ಕುಡಿತ ಬಿಡುವುದೆಂದರೆ ಆಣೆ. ಹೆಂಡತಿಯ ತಾಳಿ ಮುಟ್ಟಿ, ಮಗುವಿನ ತಲೆ ಮೇಲೆ ಕೈಯಿಟ್ಟು, ದುರ್ಗಮ್ಮನ ಗುಡಿಯಲ್ಲಿ ಕರ್ಪೂರ ಆರಿಸಿ, ಎರ್ರಿತಾತನ ಗದ್ದುಗೆಯ ಮುಂದೆ ತಲೆಬಾಗಿ ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎನ್ನುವುದು. ಆ ಆಣೆ ಸುಳ್ಳಲ್ಲ. ಇಟ್ಟ ಗಳಿಗೆಯಲ್ಲಿ ಅದು ಪೂರಾ ನಿಜ. ಅಂದು ಎದ್ದ ಒಬ್ಬ ಹೇಳಿದ: ‘ವರ್ಷಾ ವರ್ಷಾ ಅಯ್ಯಪ್ಪನ ಮಾಲೆ ಹಾಕ್ತಿದ್ದೆ. ನಲವತ್ತೊಂದು ದಿನ ಹನಿ ಮುಟ್ತಿರಲಿಲ್ಲ. ಊರೆಲ್ಲ ಸ್ವಾಮಿ ಅಂತ ಕೈ ಮುಗೀತಿತ್ತು. ಬೆಟ್ಟ ಇಳಿದು ಮಾಲೆ ತೆಗೆದ ರಾತ್ರಿ ಆ ನಲವತ್ತೊಂದೂ ದಿನದ್ದು ಒಟ್ಟಿಗೆ ಕುಡೀತಿದ್ದೆ.’ ಇಲ್ಲಿ ಜನ್ಮದ ಮಾತು ಯಾರೂ ಆಡುವುದಿಲ್ಲ. ಹದಿನೈದು ವರ್ಷ ಮುಟ್ಟದವನೂ ‘ಇವತ್ತು ಕುಡಿದಿಲ್ಲ’ ಎಂದೇ ಹೇಳಿ ಕೂರುತ್ತಾನೆ. ಕುಡಿದುಬಿಟ್ಟವನು ಮರುವಾರ ಬಂದು ‘ಸ್ಲಿಪ್ ಆಯ್ತು’ ಎಂದರೆ ಬೈಗುಳವಿಲ್ಲ, ದೇವರಿಗೆ ತಪ್ಪುಕಾಣಿಕೆಯಿಲ್ಲ. ಮತ್ತೆ ಇವತ್ತಿನಿಂದಲೇ ಲೆಕ್ಕ.

ಆಣೆಯನ್ನು ಹಗುರ ಮಾಡುವ ಮಾತಲ್ಲ ಇದು. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಊರೂರು ತಿರುಗಿ ಜೋಳಿಗೆಯೊಡ್ಡಿ, ಕಾಳು ಕಾಸಿನ ಬದಲು ಚಟಗಳನ್ನೇ ಭಿಕ್ಷೆ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಜನ್ಮದಿನವಾದ ಆಗಸ್ಟ್ 1 ನಾಡಿನಲ್ಲಿ ವ್ಯಸನಮುಕ್ತ ದಿನವಾಯಿತು. ಧರ್ಮಸ್ಥಳದ ಹೆಗ್ಗಡೆಯವರ ಮಾರ್ಗದರ್ಶನದ ಜನಜಾಗೃತಿ ವೇದಿಕೆ ಊರ ಕಲ್ಯಾಣ ಮಂಟಪಗಳಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತದೆ. ಊರಿನ ಹಿರಿಯರು ಬಂದು ಕೂರುತ್ತಾರೆ, ಹೆಂಡತಿ ಮಕ್ಕಳೆದುರು ಸಂಕಲ್ಪವಾಗುತ್ತದೆ. ಆದರೆ ಅವರೂ ಸಂಕಲ್ಪಕ್ಕೇ ಬಿಟ್ಟು ಕೈತೊಳೆದುಕೊಳ್ಳಲಿಲ್ಲ. ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿಗಳಾಗಿ ಕಟ್ಟಿ, ಮತ್ತೆ ಮತ್ತೆ ಒಂದೆಡೆ ಸೇರಿಸುತ್ತಾರೆ. ಊರೆದುರು ನಿಂತು ಬಿಡುವ ದಾರಿ ಅದು, ಊರಿಗೆ ಗೊತ್ತಾಗದಂತೆ ಬಿಡುವ ದಾರಿ ಇದು. ಎಂಟನೆಯ ದಿನದ ನಂತರದ ಒಂಬತ್ತನೆಯ ದಿನಕ್ಕೆ ಜೊತೆಗಾರರು ಬೇಕು ಎಂಬುದರಲ್ಲಿ ಎರಡೂ ಒಂದೇ.

ಡಾಕ್ಟರು ಬೇಡವೇ? ಖಂಡಿತ ಬೇಕು, ಮೊದಲು ಅವರೇ ಬೇಕು. ದಿನವೂ ಬೆಳಿಗ್ಗೆಯಿಂದ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಕೈಕಾಲು ನಡುಗಿ, ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೆಯ ದಿನಕ್ಕೆ ಸನ್ನಿ ಹಿಡಿದು, ಇಲ್ಲದ್ದು ಕಂಡು, ಪ್ರಾಣವೇ ಹೋಗಬಹುದು. ಹಟಕ್ಕೆ ಬಿದ್ದು ಮನೆಯಲ್ಲಿ ಕೂಡಿ ಹಾಕುವ ಕೆಲಸವಲ್ಲ ಇದು. ಮಾತ್ರೆ, ಬಿ1 ವಿಟಮಿನ್ನು, ಡಾಕ್ಟರರ ಕಣ್ಗಾವಲಿನಲ್ಲಿ ಕೆಲವು ದಿನ ಕಳೆಯಬೇಕು. ಗೋಡೆಗಳ ಮೇಲೆ ‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ’ ಎಂದು ಬರೆಸುತ್ತಾರಲ್ಲ, ಆ ಪುಡಿಗಳನ್ನು ಸಾರಿನಲ್ಲಿ ಬೆರೆಸುವ ಸಾಹಸ ಬೇಡ. ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸುವುದಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯೇ ಎಂದು ಕೇಳುವ ಹಕ್ಕು ಮನೆಯವರಿಗಿದೆ.

ಮನಸ್ಸಿನ ಕಾಯಿಲೆಗಳ ಚಿಕಿತ್ಸೆಯಲ್ಲಿ ಬಳ್ಳಾರಿಗೆ ತನ್ನದೇ ಹೆಮ್ಮೆಯೂ ಇದೆ. 1985ರ ಸುಮಾರಿಗೆ ನಿಮ್ಹಾನ್ಸ್ ಇದೇ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಮನೋರೋಗಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ಕಲಿಸಿದರೆ ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದು ಎಂಬುದನ್ನು ತೋರಿಸಿದ್ದು ಆ ಪ್ರಯೋಗ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾಗಿ, 1996ರಲ್ಲಿ ಶುರುವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿಯಾಯಿತು. ಈಗ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ಏರ್ಪಾಡಿದೆ.

ಇಷ್ಟಿದ್ದರೂ ಬಾಗಿಲವರೆಗೆ ಬರುವವರು ಎಷ್ಟು ಮಂದಿ? ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತದ ತೊಂದರೆಗೆ ನೆರವು ಬೇಕಾದವರು ದೇಶದಲ್ಲಿ 5.7 ಕೋಟಿ. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಸಭೆಗಳಿಂದ ಪ್ರಯೋಜನ ಉಂಟೇ ಎಂದು ಕೇಳುವವರಿಗೂ ಉತ್ತರವಿದೆ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಮಿಕ್ಕಿದ ಜನರ ದಾಖಲೆಯನ್ನು ಒಟ್ಟಿಗಿಟ್ಟು ತೂಗಿತು. ಎಎಗೆ ಜನರನ್ನು ಸೇರಿಸುವ ಕ್ರಮಬದ್ಧ ಚಿಕಿತ್ಸೆಗಳು, ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ, ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಮೇಲಾಗಿಯೇ ಕಂಡವು.

ಕೋಣೆಯಲ್ಲಿ ಹೆಂಗಸರೂ ಇದ್ದರು. ಇಬ್ಬರು ಗಂಡಂದಿರ ಜೊತೆ ಬಂದವರು. ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಕೂಟವಿದೆ, ಬಿಲ್ ಹೆಂಡತಿ ಲೋಯಿಸ್ 1951ರಲ್ಲಿ ಕಟ್ಟಿದ್ದು. ಗಂಡ ಬಿಡಲಿ ಬಿಡದಿರಲಿ, ತಾನು ಹೇಗೆ ಬದುಕಬೇಕೆಂಬುದು ಅಲ್ಲಿನ ಪಾಠ. ಮೂರನೆಯಾಕೆ ಯಾರ ಜೊತೆಗೂ ಬಂದವರಲ್ಲ, ತಮಗಾಗಿಯೇ ಬಂದವರು. ಗಂಡಸು ಕುಡಿದರೆ ‘ಪಾಪ, ಚಟ’ ಎನ್ನುವ ಬೀದಿ ಹೆಂಗಸು ಕುಡಿದಳೆಂದರೆ ಬೇರೆಯೇ ಮಾತಾಡುತ್ತದೆ. ಆಕೆಯ ಸರದಿ ಬಂದಾಗ ‘ನಾನು ಇವತ್ತು ಬರೇ ಕೇಳ್ತೀನಿ’ ಎಂದರು. ‘ಆಯ್ತಕ್ಕ’ ಎಂದು ಸಭೆ ಮುಂದಿನವರಿಗೆ ಸರಿಯಿತು.

ಗಂಟೆ ಮುಗಿದ ಮೇಲಿನ ಅರ್ಧ ಗಂಟೆಯೇ ನನಗೆ ಹೆಚ್ಚು ಕಂಡದ್ದು. ಎಲ್ಲರೂ ಟೀ ಲೋಟ ಹಿಡಿದು ಅಂಗಳಕ್ಕೆ ಬಂದರು. ಸಿರುಗುಪ್ಪದವನ ಸುತ್ತ ಮೂರು ಜನ. ಒಬ್ಬರು ಫೋನ್ ನಂಬರು ಬರೆದುಕೊಟ್ಟರು: ‘ಕುಡಿಯೋಕೆ ಮುಂಚೆ ಫೋನ್ ಮಾಡ್ರಿ. ಕುಡಿದ ಮ್ಯಾಲೆ ಮಾಡಿದ್ರೆ ನಾನೇನೂ ಮಾಡೋಕಾಗಲ್ಲ.’ ಹೀಗೆ ಬೆನ್ನಿಗೆ ನಿಲ್ಲುವ ಹಳಬನನ್ನು ಸ್ಪಾನ್ಸರ್ ಎನ್ನುತ್ತಾರೆ. ಕೈ ನಡುಕ ಗಮನಿಸಿದ ಮೇಷ್ಟ್ರು, ‘ನಾಳೆ ಮುಂಜಾನೆ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೀತನಕ ಒಬ್ನೇ ಇರಬ್ಯಾಡ’ ಎಂದರು. ಡ್ರೈವರ್ ಕೇಳಿದ್ದು ಬೇರೆಯೇ: ‘ಬಸ್‌ಸ್ಟ್ಯಾಂಡಿಗೆ ಯಾವ ದಾರಿ ಹಿಡೀತೀಯಪ್ಪ?’ ಅವನು ಹೇಳಿದ. ‘ಆ ದಾರಿ ಬ್ಯಾಡ. ಎರಡು ಬಾರು ಅದಾವೆ. ರೈಲ್ವೆ ಗೇಟಿನ ಕಡೆಯಿಂದ ಹೋಗಾಣ, ನಡಿ, ನಾನೂ ಬರ್ತೀನಿ.’ ಬೈಕು ಸ್ಟಾರ್ಟ್ ಆಯಿತು. ಮಗ್ಗಿಯ ಗೋಡೆಯ ಕೋಣೆಗೆ ವಾಚ್‌ಮನ್ ಬೀಗ ಹಾಕಿದ.

ಈ ಕೋಣೆಗಳ ಒಳಗೆ ಏನೂ ಕೊರತೆಯಿಲ್ಲ. ಕೊರತೆ ಇರುವುದು ದಾರಿ ತೋರಿಸುವವರದು. ಬಂದವರ ಹೆಸರು ಗುಟ್ಟಾಗಿರಬೇಕು ಸರಿ, ಜಾಗವೂ ವೇಳೆಯೂ ಗುಟ್ಟಾಗಿರಬೇಕಿಲ್ಲ. ಕೂಟದವರೂ ಅದನ್ನು ಗುಟ್ಟು ಎನ್ನುವುದಿಲ್ಲ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಸಿರುಗುಪ್ಪ ಕುರುಗೋಡುಗಳ ಬಸ್‌ಸ್ಟ್ಯಾಂಡಿನಲ್ಲಿ, ಠಾಣೆಯ ನೋಟಿಸ್ ಬೋರ್ಡಿನಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಹತ್ತಿರದ ಸಭೆ ಯಾವ ವಾರ, ಎಷ್ಟು ಹೊತ್ತಿಗೆ ಎಂಬ ಒಂದು ಸಾಲು ಬರೆಸಲು ಅನುದಾನ ಬೇಕಿಲ್ಲ. ಲಿವರ್ ಕೆಟ್ಟವನಿಗೆ ‘ಕುಡಿಯೋದು ಬಿಡಪ್ಪ’ ಎನ್ನುವ ಡಾಕ್ಟರು ಅದೇ ಚೀಟಿಯ ಹಿಂದೆ ವಿಳಾಸವನ್ನೂ ಬರೆದುಕೊಡಲಿ. ಅಷ್ಟರವರೆಗೆ ಓದುಗರೇ ಎರಡು ನಂಬರು ನೆನಪಿಡಿ, ಎರಡಕ್ಕೂ ದುಡ್ಡು ಬೀಳುವುದಿಲ್ಲ: ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಒಬ್ಬರಿಗೆ ಇದು ಬೇಕಾಗಿದೆ. ಆಣೆ ಹಾಕಿಸಬೇಡಿ, ಒಂದು ಸಂಜೆ ಜೊತೆಗೆ ಹೋಗಿ ಬಾಗಿಲವರೆಗೆ ಬಿಟ್ಟು ಬನ್ನಿ.